ಮಂತ್ರಿಗಳ ಹುಬ್ಬು

ಸರಸೂ, ನಿನ್ನ ಕೈಯಿಂದ ಪೆನ್ಸಿಲ್ ಬಿಡಿಸಿದವಳು ನಾನು. ಆ ಪತ್ರಿಕೆಯವರಲ್ಲ, ನಿನ್ನ ಗೆರೆಯ ದೋಷವೂ ಅಲ್ಲ. ನಿನ್ನ ಅತ್ತಿಗೆ — ನಾನು.

ಇದನ್ನು ಎಂಥ ದಿನ ಬರೆಯುತ್ತಿದ್ದೇನೆ ನೋಡು! ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಮೊಮ್ಮಗಳು ತಾರಾ ಬರೆದ ಮಂತ್ರಿಯೊಬ್ಬರ ಮುಖ ಇವತ್ತಿನ ಪೇಪರಿನಲ್ಲಿ ಬಂದಿದೆ, ಕೆಳಗೆ ಅವಳ ಹೆಸರು! ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ, ಗೇಟಿನ ಗಾರ್ಡಿಗೆ ತೋರಿಸಿದೆ. ತರಕಾರಿ ಭಯ್ಯಾ, "ಮಾತಾಜೀ, ನಾಕ್ ತೋ ದೇಖೋ, ಬಿಲ್ಕುಲ್ ಬೈಂಗನ್!" ಎಂದು ಬದನೆಕಾಯಿಯೊಂದನ್ನು ತನ್ನ ಮೂಗಿಗೆ ಹಿಡಿದುಕೊಂಡು ನಕ್ಕ. ಆ ಖುಷಿಗೆ ನಮ್ಮ ಮನೆಯಲ್ಲಿ ಯಾರೂ ತಿನ್ನದ ಬದನೆಕಾಯಿ ಒಂದು ಕಿಲೋ ತಂದೆ.

ಆಮೇಲೆ ನಿನ್ನ ಫೋನ್ ಬಂತು. ತಾರಾ ಸ್ಪೀಕರಿಗೆ ಹಾಕಿದಳು. "ಸರಸು ಅಜ್ಜಿ, ನಿಮ್ ಟೈಮಲ್ಲಿ ಲೀಡರ್‌ಗಳ ಕ್ಯಾರಿಕೇಚರ್ ಮಾಡೋ ಲೇಡೀಸೇ ಇರ್ಲಿಲ್ಲ ನಾ? ಆಪ್ ಹೀ ಪೆಹ್ಲೀ ಥೀ, ನೀವೇ ಫಸ್ಟು! ಫಿರ್ ಯಾಕೆ ಬಿಟ್ರಿ?"

ನೀನು ನಕ್ಕೆ. "ನನ್ ಗೆರೇಲಿ ದಮ್ ಇರ್ಲಿಲ್ಲ ಕಣೇ ಪುಟ್ಟಿ. ಇದ್ದಿದ್ರೆ ಆ ಪೇಪರಿನವ್ರು ಕರೀತಿದ್ರು."

ನಲವತ್ತು ವರ್ಷ ನೀನು ಹಾಗೆಂದುಕೊಂಡೇ ಬದುಕಿದೆಯಾ? ನನಗೆ ಗೊತ್ತೇ ಇರಲಿಲ್ಲ — ಅಲ್ಲ, ಗೊತ್ತು ಮಾಡಿಕೊಳ್ಳಲಿಲ್ಲ.

ಅವರು ಕರೆದಿದ್ದರು, ಸರಸೂ.

ದಿಲ್ಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನ ಆ ಎರಡು ಕೋಣೆ ನೆನಪಿದೆಯಲ್ಲ. ನೀನು ರಾಜಕೀಯ ಸಭೆಗಳಲ್ಲಿ ಗಂಡಸರ ನಡುವೆ ನಿಂತು, ಬಸ್ ಟಿಕೆಟಿನ ಹಿಂದೆ ಮುಖಗಳನ್ನು ಗೀಚಿಕೊಂಡು ಬರುತ್ತಿದ್ದೆ. "ಒಂದ್ ಮುಖದಲ್ಲಿ ಒಂದೇ ಜಾಗದಲ್ಲಿ ಆ ಮನುಷ್ಯ ಸಿಕ್ಕಿಬೀಳ್ತಾನೆ ಅತ್ತಿಗೆ. ಅದನ್ನ ಹಿಡಿದ್ರೆ ಸಾಕು" ಎನ್ನುತ್ತಿದ್ದೆ. ಪತ್ರಿಕೆಯ ಆಫೀಸಿಗೆ ಹೋದರೆ, ಯಾವ ಅಣ್ಣ ಬರೆದು ಕಳಿಸಿದ್ದು ಎಂದು ಕೇಳುತ್ತಿದ್ದರಂತೆ. ಕೊನೆಗೆ ಒಂದು ಚಿತ್ರ ಅಚ್ಚಾಯಿತು — ನಿಮ್ಮಣ್ಣನ ಇಲಾಖೆಯ ಮಂತ್ರಿಗಳದ್ದೇ! ಅವರ ಎರಡು ಹುಬ್ಬುಗಳನ್ನು ಫೈಲುಗಳ ಮೇಲೆ ಮಲಗಿದ ಎರಡು ಬೆಕ್ಕುಗಳಾಗಿ ಬರೆದಿದ್ದೆ. ನಾನೂ ನಕ್ಕಿದ್ದೆ. ನಿಮ್ಮಣ್ಣ ಮಾತ್ರ ನಗಲಿಲ್ಲ.

ಮೂರು ದಿನ ಬಿಟ್ಟು ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಬಂದ. ನೀನು ಹಾಲಿನ ಬೂತಿಗೆ ಹೋಗಿದ್ದೆ. "ಸರಸ್ವತೀಜೀ ಹೈ? ಮಂತ್ರೀಜೀ ನೇ ಬುಲಾಯಾ ಹೈ" ಎಂದ.

ಮಂತ್ರಿಗಳು ಕರೆದಿದ್ದಾರೆ! ಗುಮಾಸ್ತರ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ನಿಮ್ಮಣ್ಣನ ನೌಕರಿ ಹೋಯಿತು, ಕ್ವಾರ್ಟರ್ಸೂ ಹೋಯಿತು ಎಂದುಕೊಂಡೆ. ನಾಲ್ಕನೇ ಕ್ಲಾಸಿನವಳು ನಾನು, ನನ್ನ ಹಿಂದಿ ನಿನಗೆ ಗೊತ್ತು. "ಸರಸ್ವತಿ ನಹೀ ಹೈ. ಶಾದಿ ಹೋ ಗಯಾ. ಗಾಂವ್ ಗಯಾ. ತಸ್ವೀರ್ ಬಂದ್" ಎಂದುಬಿಟ್ಟೆ — ನಿನಗೆ ಮದುವೆಯಾಯಿತು, ಊರಿಗೆ ಹೋದೆ, ಚಿತ್ರ ಬರೆಯುವುದನ್ನು ನಿಲ್ಲಿಸಿದೆ ಎಂದು, ಎಲ್ಲ ಸುಳ್ಳು. "ಅಚ್ಛಾ?" ಎಂದು ಅವನು ಪೆಚ್ಚಾಗಿ ಹೊರಟುಹೋದ.

ಇಷ್ಟೇ ಆಗಿದ್ದರೆ ಹೆದರಿದ ಹೆಂಗಸಿನ ಬೆಪ್ಪುತನ ಎನ್ನಬಹುದಿತ್ತು. ಇಷ್ಟೇ ಅಲ್ಲ.

ವಾರದ ಮೇಲೆ ಒಂದು ಹಿಂದಿ ಕಾಗದ ಬಂತು. ಆಗಲೂ ನೀನು ಮನೆಯಲ್ಲಿರಲಿಲ್ಲ. ಮೇಲಿನ ಮನೆಯ ಪಂಜಾಬಿ ಆಂಟಿಯ ಹತ್ತಿರ ಓದಿಸಿದೆ. "ಅರೇ, ಬಧಾಯಿ ಹೋ! ಕಿಸ್ಕೀ ಶಾದೀ?" ಎಂದರು ಆಂಟಿ. ಸೈಕಲ್ಲಿನವನು ಹೋಗಿ ಹೇಳಿದ್ದನ್ನು ನಂಬಿ ಪತ್ರಿಕೆಯ ಸಂಪಾದಕರು ನಿನ್ನ ಮದುವೆಗೆ ಶುಭ ಹಾರೈಸಿದ್ದರು. ಮಂತ್ರಿಗಳು ಆ ಚಿತ್ರ ನೋಡಿ ಬಿದ್ದು ಬಿದ್ದು ನಕ್ಕರಂತೆ. ಮೂಲ ಚಿತ್ರವನ್ನು ತಮ್ಮ ಕೋಣೆಯಲ್ಲಿ ತೂಗುಹಾಕಬೇಕು, ಬರೆದ ಹುಡುಗಿಯ ಕೈಯಿಂದಲೇ ಬೇಕು ಎಂದಿದ್ದರಂತೆ. ಪತ್ರಿಕೆಯಲ್ಲಿ ದಿನಕ್ಕೊಂದು ಚಿತ್ರಕ್ಕೆ ಮೊದಲ ಪುಟದ ಮೂಲೆಯನ್ನು ನಿನಗಾಗಿ ಇಟ್ಟಿದ್ದರಂತೆ. ಇನ್ನೂ ಬರೆಯುವ ಮನಸ್ಸಿದ್ದರೆ ಎಂಟು ದಿನದೊಳಗೆ ತಿಳಿಸಲಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ —

ಎಂಟು ದಿನ, ಸರಸೂ. ಎಂಟು ದಿನವೂ ನೀನು ನನ್ನ ಪಕ್ಕದಲ್ಲೇ ಕೂತು ಬಟಾಣಿ ಸುಲಿದೆ, ನನ್ನ ಮಕ್ಕಳಿಗೆ ತಲೆ ಬಾಚಿದೆ. "ಅತ್ತಿಗೆ, ಪೋಸ್ಟ್ ಬಂತಾ?" ಎಂದು ದಿನಾ ಕೇಳಿದೆ. "ಇಲ್ಲಮ್ಮ" ಎಂದು ನಾನು ದಿನಾ ಹೇಳಿದೆ. ಸುಳ್ಳು ಹೊರಬೀಳುತ್ತದೆಂಬ ಭಯ ಇತ್ತು, ನಿಜ. ಆದರೆ ಇನ್ನೊಂದೂ ಇತ್ತು. ನೀನು ಹೊರಗೆ ಹೋದರೆ ಮನೆಯ ಕೆಲಸವೆಲ್ಲ ನನ್ನೊಬ್ಬಳ ತಲೆಗೆ. ನೀನು ಮನೆಯಲ್ಲಿದ್ದದ್ದು ನನಗೆ — ಹಿತವಾಗಿತ್ತು. ಒಂಬತ್ತನೇ ದಿನ ಆ ಕಾಗದವನ್ನು ಇದ್ದಿಲ ಒಲೆಗೆ ಹಾಕಿದೆ.

ಆ ಮೂಲೆಯಲ್ಲಿ ಯಾರದೋ ಚಿತ್ರ ಬರತೊಡಗಿದ ದಿನ ನೀನು ಪೆನ್ಸಿಲುಗಳನ್ನೆಲ್ಲ ನನ್ನ ಮಕ್ಕಳಿಗೆ ಹಂಚಿಬಿಟ್ಟೆ. ನಾನು ನೋಡುತ್ತ ನಿಂತಿದ್ದೆ.

ಈಗ ತೋರಿಸೋಣವೆಂದರೆ ಕಾಗದವಿಲ್ಲ. ಆ ಸಂಪಾದಕರಿಲ್ಲ, ಆಂಟಿ ಇಲ್ಲ. ನಿನ್ನ ಬೆರಳುಗಳು ಗಂಟುಕಟ್ಟಿವೆ. ನಾನು ಏನನ್ನು ಮರಳಿ ಕೊಡಲಿ? ನನ್ನ ಮಾತೊಂದೇ ಉಳಿದಿರುವುದು. ಅದನ್ನಾದರೂ ನೀನು ಹೇಗೆ ನಂಬುತ್ತೀ?

ನಾಳೆ ತಾರಾಳಿಗೆ ಆಶೀರ್ವಾದ ಮಾಡಲು ಬರುತ್ತೀಯಲ್ಲ, ಆಗ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನೀನು ಓದಿ ಮುಗಿಸಿದ ಮೇಲೆ, ಅವಳ ಎದುರಿನಲ್ಲೇ, ಎಲ್ಲವನ್ನೂ ನಾನು ಬಾಯಿಬಿಟ್ಟು ಹೇಳುತ್ತೇನೆ. ನಿನ್ನ ಗೆರೆಯಲ್ಲಿ ದಮ್ ಇತ್ತು ಎಂಬುದನ್ನು ಆ ಮಗು ನನ್ನ ಬಾಯಿಂದಲೇ ಕೇಳಬೇಕು. ಅಲ್ಲಿಂದಾಚೆಗೆ ಅವಳು ನನ್ನನ್ನು ಅಜ್ಜಿ ಎಂದು ಕರೆಯುವಾಗ ದನಿ ಬದಲಾದರೆ, ಬದಲಾಗಲಿ.