ಹೊಳೆ ದಾಟಿಸುವ ಆಟ

ರೋಣದ ಒಂದು ಬಳೆ ಅಂಗಡಿಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಸೇರುತ್ತಿದ್ದೆವು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಂಗಡಿಯವಳು ನನ್ನೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ. ನರಗುಂದದಿಂದ ಔಷಧ ಅಂಗಡಿಯವನೊಬ್ಬ ಬರುತ್ತಿದ್ದ. ಆಟ ತಂದವರು ಗಜೇಂದ್ರಗಡದ ಕಾಲೇಜು ಮಾಸ್ತರರು. ಅವರು ಕತೆ ಹೇಳುತ್ತಾ ಹೋಗಬೇಕು, ನಾವು ಮೂವರು ಅದರ ಪಾತ್ರಗಳಾಗಿ ಏನು ಮಾಡುತ್ತೇವೆಂದು ಹೇಳಬೇಕು, ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸಬೇಕು. ನಲವತ್ತು ದಾಟಿದವರು ಹೀಗೆ ಕೂತದ್ದನ್ನು ಕಂಡು ಗೆಳತಿಯ ಅತ್ತೆ ಚಹಾ ಕೊಡುವಾಗಲೆಲ್ಲ ನಗುತ್ತಿದ್ದರು.

"ನಿಮ್ಮ ಮೂವರ ಗುರಿ ಏನ್ರಿ?" ಎಂದು ಮೊದಲ ದಿನ ಮಾಸ್ತರರು ಕೇಳಿದರು. ನಾನು ತಡಮಾಡಲಿಲ್ಲ. ಹೊಳೆ ದಂಡೆಯ ಒಂದು ಊರು, ನೀರು ಏರುತ್ತಿದೆ, ಊರಿನವರನ್ನೆಲ್ಲ ಆಚೆ ದಡದ ಕೋಟೆಗೆ ಸೇರಿಸಬೇಕು, ಒಬ್ಬರನ್ನೂ ಬಿಡಬಾರದು ಎಂದೆ.

ಯಾಕೆ ಹಾಗೆಂದೆ ಎಂಬುದು ಗೆಳತಿಗೆ ಮಾತ್ರ ಗೊತ್ತಿತ್ತು. ನನ್ನ ತವರೂರು ಮೆಣಸಗಿಗೆ ಮಲಪ್ರಭೆಯ ನೀರು ನುಗ್ಗಿದಾಗ ನಾವು ಟ್ರ್ಯಾಕ್ಟರ್ ಹತ್ತಿ ಹೊರಟಿದ್ದೆವು. ಪಕ್ಕದ ಮನೆಯ ಅಜ್ಜಿ ಕೈಯೆತ್ತಿ ಕೂಗಿದರು. ಜಾಗ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಜಾಗ ಇತ್ತು. ಅಜ್ಜಿ ಹೇಗೋ ಬದುಕಿಕೊಂಡರು, ಆದರೆ ನಮ್ಮ ಮನೆಯವರ ಜೊತೆ ಮತ್ತೆ ಮಾತಾಡಲಿಲ್ಲ. ಇದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ, ಅವಳೊಬ್ಬಳಿಗೆ ಹೇಳಿದ್ದೆ.

ಆಟದ ಆ ಮೊದಲ ದಿನ ದಸರೆಯ ವಾರದಲ್ಲಿ ಬಂದಿತ್ತು. ಆಟ ಶುರುಮಾಡುವ ಮುಂಚೆ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟೆವು. ನಮ್ಮ ಕಡೆ ಬನ್ನಿ ಕೊಟ್ಟ ಮೇಲೆ ಹಳೆಯ ಜಗಳವನ್ನೂ ಯಾರೂ ಎತ್ತುವುದಿಲ್ಲ. ನನ್ನ ಗುರಿಗೆ ಗೆಳತಿಯಾಗಲಿ ಔಷಧ ಅಂಗಡಿಯವನಾಗಲಿ ಬಾಯಿಬಿಟ್ಟು ಹೂಂ ಅಂದಿರಲಿಲ್ಲ, ನಾನೂ ಕೇಳಲಿಲ್ಲ. ಕೈಗೆ ಬನ್ನಿ ಬಂತಲ್ಲ, ಒಪ್ಪಿದರು ಎಂದುಕೊಂಡೆ.

ನಕಾಶೆಯಲ್ಲಿ ಮೆಣಸಗಿಯ ನಮ್ಮ ಓಣಿಯನ್ನೇ ಬರೆದೆ. ಊರಿನ ಒಬ್ಬೊಬ್ಬರಿಗೆ ಒಂದೊಂದು ಹುಣಸೆಬೀಜ ಇಟ್ಟೆ. ನಾನು ಊರ ಗೌಡತಿ, ಗೆಳತಿ ದೋಣಿಯವಳು, ಔಷಧ ಅಂಗಡಿಯವನು ಕೋಟೆಯ ಕಾವಲುಗಾರ. ಅವರಿಬ್ಬರು ಆಗಾಗ ಮಾಸ್ತರರ ಕೈಗೆ ಚೀಟಿ ಕೊಡುತ್ತಿದ್ದರು. ನಿಯಮ ತಿಳಿಯದೆ ಕೇಳುತ್ತಿರಬೇಕು, ಪಾಪ, ಎಂದುಕೊಳ್ಳುತ್ತಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಯುಗಾದಿ ಕಳೆದ ಮೇಲೆ, ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದು ಊರಿನ ದೋಣಿಗಳೆಲ್ಲ ಹೊರಟವು. ಬೀಜಗಳೆಲ್ಲ ನಡುಹೊಳೆಯಲ್ಲಿದ್ದವು. ಗೆಳತಿ ದಾಳ ಎತ್ತಿಕೊಂಡು, "ನಾ ಹಗ್ಗಾ ಕೊಯ್ತೇನಿ" ಅಂದಳು.

ಚೇಷ್ಟೆ ಎಂದು ನಾನು ನಕ್ಕೆ. ಅವಳು ದಾಳ ಒಗೆದಳು, ಬೇಕಾದ್ದೇ ಬಿತ್ತು. "ನಾ ಕ್ವಾಟಿ ಬಾಗಲಾ ಹಾಕ್ತೇನಿ" ಎಂದು ಔಷಧ ಅಂಗಡಿಯವನು ಹೇಳಿದ. ಮಾಸ್ತರರು ಬೀಜಗಳನ್ನು ಅಂಗೈಯಿಂದ ಬಳಿದು ಡಬ್ಬಿಗೆ ಹಾಕಿಬಿಟ್ಟರು.

"ಏನ್ ಮಾಡಿದಿ ನೀ?" ಎಂದೆ.

"ಕ್ವಾಟಿ ಖಜಾನಿ ಹೊಡಿಯೂದ ನಮ್ಮಿಬ್ಬರ ಗುರಿ ಇತ್ತವಾ, ಮೊದಲಿಂದನೂ. ಊರ ಮಂದಿ ಒಳಗ ಬಂದ್ರ ಅದು ಆಗ್ತಿದ್ದಿಲ್ಲ. ಆಟ ಇದು. ಹುಣಸಿ ಬೀಜಕ್ಕ ಯಾರರ ಅಳ್ತಾರೇನ?"

"ನಿನಗ ಗೊತ್ತಿತ್ತು."

ಅವಳು ಚಹಾದ ಕಪ್ಪುಗಳನ್ನು ಜೋಡಿಸತೊಡಗಿದಳು. ಅಷ್ಟು ವರ್ಷದ ಗೆಳೆತನದಲ್ಲಿ ಮೊದಲ ಸಲ ಅವಳ ಮುಖ ನೋಡಲು ಹೇಸಿಗೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಇಳಿದುಬಂದೆ.

ಮಾಸ್ತರರು ಬಸ್‌ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದರು. ಅವರಿಬ್ಬರಿಗೆ ಗುಟ್ಟಿನ ಗುರಿ ಇತ್ತಲ್ಲ, ನನಗ್ಯಾಕೆ ಕೊಡಲಿಲ್ಲ ಎಂದು ಕೇಳಿದೆ.

"ಕೊಡಾವ ಇದ್ನಿರಿ," ಎಂದು ಅವರು ತಡವರಿಸಿದರು. "ನಿಮ್ಮ ಗೆಳತಿನ ಬ್ಯಾಡ ಅಂದ್ರು. ಆಕಿಗೆ ಊರು ದಾಟಿಸೂದು ಒಂದ ಸಾಕ್ರಿ, ಆಕಿ ಅದನ್ನ ಖರೇ ಅಂತ ತಿಳ್ಕೊಂಡು ಆಡ್ತಾಳ, ಹಂಗ ಆಡಿದ್ರನ ನಮಗ ಮಜಾ ಬರತೈತಿ ಅಂದ್ರು."

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಯಾರೂ ಫೋನ್ ಮಾಡಲಿಲ್ಲ. ಗೌಡತಿ ಹೊಳೆಪಾಲಾದಳು ಎಂದು ಬರೆದುಕೊಂಡು ಮೂವರೇ ಆಟ ಮುಂದುವರಿಸಿದರಂತೆ.