ನೋರಾ ಕಾಗದದ ಕೊನೆಯ ನಾಲ್ಕು ಸಾಲು

ನೋರಾ ಬರೆದ ಕಾಗದದ ಕೊನೆಯ ನಾಲ್ಕು ಸಾಲನ್ನು ನಾನು ಓದಿ ಹೇಳದೆ ಬಿಟ್ಟೆ. ಕಣ್ಣಿಗೆ ಬೀಳಲಿಲ್ಲ ಎಂದಲ್ಲ — ನೋಡಿದೆ, ಅರ್ಥವಾಯಿತು, ಬಿಟ್ಟೆ. ಆರು ವರ್ಷ ಯಾರಿಗೂ ಹೇಳಲಿಲ್ಲ. ಹೋದ ತಿಂಗಳು ಹೇಳಬೇಕಾದವರಿಗೆ ಹೇಳಿ ಬಂದಿದ್ದೇನೆ. ಎದೆ ಹಗುರಾಗಿದೆ, ಆ ಧೈರ್ಯದ ಮೇಲೆ ಇಲ್ಲೂ ಬರೆಯುತ್ತಿದ್ದೇನೆ.

ಆಗ ೨೦೦೩. ಮೈಸೂರಿನಿಂದ ಸಮುದ್ರ ದಾಟಿ ಈ ದೇಶಕ್ಕೆ ಓದಲು ಬಂದ ನಾನು ಪಾಮರ್ಸ್ಟನ್ ನಾರ್ತ್‌ನಲ್ಲಿ ಟಾಮ್ ಅಂಕಲ್ ಮನೆಯ ಹಿಂದಿನ ರೂಮಿನಲ್ಲಿದ್ದೆ. ಅವರು ಐರ್ಲೆಂಡಿನವರು, ಹರೆಯದಲ್ಲೇ ಬಂದು, ಬೇರೆಯವರ ಫಾರ್ಮುಗಳಲ್ಲಿ ಹಾಲು ಕರೆದು ಮುದುಕರಾದವರು. ಮದುವೆಯಾಗಿರಲಿಲ್ಲ. ಊರಿನ ಜಮೀನು, ಹಸು ಎಲ್ಲ ತಮ್ಮ ಜೋ ನೋಡಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರಿಬ್ಬರೂ ಮಾತಿನಲ್ಲಿ ಜಿಪುಣರು, ಫೋನೆಂದರೆ ಮುಖ ಸಿಂಡರಿಸುವವರು. ಸುದ್ದಿಯೆಲ್ಲ ಜೋ ಹೆಂಡತಿ ನೋರಾ ತಿಂಗಳಿಗೊಮ್ಮೆ ಬರೆಯುವ ಕಾಗದದಲ್ಲಿ. ಅದಕ್ಕೊಂದು ಕ್ರಮವಿತ್ತು: ಮೊದಲು ಮಳೆ, ಆಮೇಲೆ ಹಸುಗಳು, ಆಮೇಲೆ ಊರಲ್ಲಿ ಯಾರು ಸತ್ತರು, ಎಲ್ಲ ಮುಗಿದ ಮೇಲೆ, ಜಾಗ ಉಳಿದಿದ್ದರೆ, ಮನೆಯವರ ಸಮಾಚಾರ.

ಆ ತಿಂಗಳು ಅಂಕಲ್ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಹೊಸ ಕನ್ನಡಕ ಬರುವವರೆಗೆ ಓದುವಂತಿರಲಿಲ್ಲ, ಹಾಗಾಗಿ ಕಾಗದ ನನ್ನ ಕೈಗೆ ಬಂತು. ಕೊನೆಯಲ್ಲಿ ನೋರಾ ಬರೆದಿದ್ದರು: "ಮುಂದಿನ ತಿಂಗಳು ಜೋಗೆ ಹೃದಯದ ಆಪರೇಶನ್. ಒಳಗೊಳಗೇ ಭಯ, ಬಾಯಿಬಿಡುತ್ತಿಲ್ಲ. ನಾನೇ ನಿಮಗೆ ಫೋನ್ ಮಾಡಿದರೆ ನನ್ನ ಮೇಲೆ ರೇಗುತ್ತಾರೆ. ಈ ವಿಷಯ ನಿಮಗೆ ಬರೆಯುತ್ತಿದ್ದೇನೆ ಅಂತ ಮಾತ್ರ ಅವರಿಗೆ ಹೇಳಿದ್ದೇನೆ. ಅಷ್ಟರೊಳಗೆ ಒಂದು ಸಲ ನೀವೇ ಫೋನ್ ಮಾಡಿ."

ಇದನ್ನು ಮನಸ್ಸಿನಲ್ಲೇ ಓದಿಕೊಂಡು ನಾನು ತಡೆದೆ. ಹಿಂದಿನ ವಾರವಷ್ಟೇ ಅಮ್ಮ ಫೋನಿನಲ್ಲಿ ಹೇಳಿದ್ದಳು, "ಕಣ್ಣಲ್ಲಿ ನೀರ್ ಬಂದ್ರೆ ಆಪರೇಶನ್ ಕೆಟ್ಟೋಗತ್ತೆ ಕಣೇ. ನಿಮ್ ತಾತಂಗೆ ಪೊರೆ ತೆಗ್ಸಿದಾಗ ಅವ್ರ ಅಕ್ಕ ಹೋದ ಸುದ್ದೀನೇ ನಾವು ಒಂದ್ ತಿಂಗ್ಳು ಹೇಳ್ಲಿಲ್ಲ."

"ಮುಂದೆ?" ಎಂದರು ಅಂಕಲ್.

"ಕೆಂಪು ಹಸು ಹೆಣ್ಣು ಕರು ಹಾಕಿದೆಯಂತೆ" ಎಂದುಬಿಟ್ಟೆ.

ಅವರಿಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಕಪ್ ಟೀ ಮಾಡಿಸಿಕೊಂಡರು. ನಾನು ಕಾಗದವನ್ನು ನನ್ನ ಪುಸ್ತಕಗಳ ನಡುವೆ ಸೇರಿಸಿಬಿಟ್ಟೆ.

ಇಷ್ಟೇ ಆಗಿದ್ದರೆ ಅಮ್ಮನ ಮೇಲೆ ಹಾಕಿ ಪಾರಾಗಬಹುದಿತ್ತು. ಆದರೆ — ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ನನಗೆ ಪರೀಕ್ಷೆ ಹತ್ತಿರವಿತ್ತು. ತಮ್ಮನನ್ನು ನೋಡಲು ಅಂಕಲ್ ಹೊರಟು ಮನೆಗೆ ಬೀಗ ಹಾಕಿದರೆ ನನ್ನ ರೂಮಿನ ಗತಿ? ಆ ಲೆಕ್ಕವೂ ತಲೆಯಲ್ಲಿ ಓಡಿತ್ತು. ಅವರ ಕಣ್ಣಿನ ಚಿಂತೆಯ ಹಿಂದೆ ನನ್ನ ಮಂಚದ ಚಿಂತೆ ಇತ್ತು.

ಹೊಸ ಕನ್ನಡಕ ಬಂತು. ಅದರ ಹಿಂದೆಯೇ ನೋರಾ ಕಾಗದ, ಎರಡೇ ಸಾಲು: ಜೋ ಆಪರೇಶನ್ ಆಯಿತು, ಮನೆಗೆ ಬಂದಿದ್ದಾರೆ. ಅಂಕಲ್ ತಾವೇ ಓದಿಕೊಂಡರು. ಅದನ್ನು ಮಡಚಿಟ್ಟು, "ನನಗೆ ಮೊದಲೇ ತಿಳಿಸಬೇಕು ಅಂತ ಅವರಿಗೆ ಅನ್ನಿಸಲಿಲ್ಲ, ನೋಡು" ಎಂದರು. ನಾನು ಸಿಂಕಿನ ಮುಂದೆ ನಿಂತು ಕಪ್ ತೊಳೆಯುತ್ತಿದ್ದೆ. ಆಗ ಹೇಳಬೇಕಿತ್ತು. ಬಾಯಲ್ಲೇ ಇತ್ತು — ತೊಳೆದ ಕಪ್ಪನ್ನೇ ಮತ್ತೆ ತೊಳೆದೆ.

ಅವರು ಫೋನ್ ಮಾಡಲಿಲ್ಲ, ಒಂದು ಕಾರ್ಡ್ ಹಾಕಿದರು. ಆಮೇಲೆ ಬಂದ ಕಾಗದಗಳಲ್ಲಿ ಮಳೆ ಇತ್ತು, ಹಸು ಇತ್ತು. ಜೋ ಮಾತು ಇರಲಿಲ್ಲ. ನಾನು ಪಾಸಾದೆ, ಕೆಲಸ ಸಿಕ್ಕಿತು, ದೂರದ ನ್ಯೂ ಲಿನ್‌ಗೆ ಬಂದೆ. ವರ್ಷಕ್ಕೊಮ್ಮೆ ಅಂಕಲ್‌ರನ್ನು ನೋಡಲು ಹೋಗುತ್ತಿದ್ದೆ. ಪ್ರತಿ ಸಲವೂ ಹೇಳಿಯೇ ತೀರುತ್ತೇನೆಂದು ಹೋಗಿ, ಹವೆಯ ಬಗ್ಗೆ ಮಾತಾಡಿ ಬರುತ್ತಿದ್ದೆ.

ಹೋದ ತಿಂಗಳು ಹೀಗೇ ಹೋಗಿದ್ದಾಗ ಅವರೇ ಹೇಳಿದರು: "ಜೋಗೆ ಮತ್ತೆ ಹುಷಾರಿಲ್ಲವಂತೆ. ನಾನು ಫೋನ್ ಮಾಡಿದರೂ ಅವನಿಗೆ ಬೇಕಾಗಿರಲಿಕ್ಕಿಲ್ಲ."

ಇನ್ನು ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. ಕಾಗದ, ಪರೀಕ್ಷೆ, ರೂಮು — ಒಂದನ್ನೂ ಬಿಡದೆ ಹೇಳಿದೆ.

ಅವರು ನನ್ನನ್ನೇ ನೋಡಿದರು. "ಮತ್ತೆ ಆ ಕರು?"

"ಅದನ್ನೂ ನಾನೇ ಹುಟ್ಟಿಸಿದ್ದು, ಅಂಕಲ್."

ನಕ್ಕರು. ನಗು ಅರ್ಧಕ್ಕೇ ನಿಂತಿತು. "ನಿನ್ನ ಮೇಲೆ ನನಗೆ ಕೋಪ ಬಂದಿದೆ. ಅದು ಆಮೇಲೆ. ಈಗ ಫೋನ್ ಮಾಡು. ನೀನೇ ಹೇಳು ಅವನಿಗೆ."

ಇಲ್ಲಿ ಸಂಜೆ, ಅಲ್ಲಿ ಬೆಳಗಿನ ಹಾಲು ಕರೆದು ಮುಗಿಸಿ ಒಳಗೆ ಬರುವ ಹೊತ್ತು. ಜೋ ಅವರೇ ಎತ್ತಿಕೊಂಡರು. ನಾನು ಯಾರೆಂದು ಹೇಳಿದೆ, ಮಾಡಿದ್ದನ್ನು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

ಅವರು ಫೋನಿನಿಂದ ಮುಖ ತಿರುಗಿಸಿ ಹೆಂಡತಿಗೆ ಹೇಳಿದ್ದು ಕೇಳಿಸಿತು: "ನೋರಾ, ಟಾಮ್‌ಗೆ ಗೊತ್ತೇ ಇರಲಿಲ್ಲವಂತೆ." ಮತ್ತೆ, ಅಳುವ ದನಿಯಲ್ಲಿ, "ಅವನಿಗೆ ಗೊತ್ತೇ ಇರಲಿಲ್ಲವಂತೆ ಕಣೇ."

ಫೋನನ್ನು ಅಂಕಲ್ ಕೈಗೆ ಕೊಟ್ಟು ಹೊರಗೆ ಬಂದೆ. ನನಗೆ ನೆಮ್ಮದಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ನೆಮ್ಮದಿ ಜೋ ಅವರ ದನಿಯಲ್ಲಿತ್ತು. ಅದು ಅವರಿಗೆ ಸೇರಿದ್ದು. ಆರು ವರ್ಷ ಅದನ್ನು ನಾನು ಇಟ್ಟುಕೊಂಡಿದ್ದೆ.