ಕನ್ನಡಿ ಕೊಡುವ ಮೊದಲು

ಆಗ ನನಗೆ ಐವತ್ತೇಳು ವರ್ಷ. ಹದಿನೈದು ವರ್ಷದ ಹಿಂದಿನ ಮಾತು. ಮೊನ್ನೆ ಸೊಸೆ ಸಜ್ಜದ ಮೇಲಿನ ಹಳೇ ಸಾಮಾನು ಇಳಿಸುವಾಗ ನಮ್ಮಪ್ಪನ ಬಣ್ಣದ ಪೆಟ್ಟಿಗೆ ಜಾರಿ ಕೆಳಗೆ ಬಿತ್ತು. ಮುಚ್ಚಳ ತೆರೆದುಕೊಂಡಿತು. ಕಮಟು ಹಿಡಿದ ಕೊಬ್ಬರಿ ಎಣ್ಣೆ, ಅದರ ಜೊತೆ ನಾಟಕದವರು ಮುಖಕ್ಕೆ ಬಳಿಯುವ ಬಿಳಿ ಸಫೇದದ ವಾಸನೆ. ಎಸೆದುಬಿಡಲಾ ಅಂದಳು ಸೊಸೆ. ಬೇಡ ಅಂದೆ. ಅವತ್ತೆಲ್ಲ ನನಗೆ ಮೂರನೇ ರೂಮಿನವಳದೇ ಯೋಚನೆ...

ಬೊಮ್ಮಸಂದ್ರದಲ್ಲಿ ಜಮೀನು ಫ್ಯಾಕ್ಟರಿಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ನನ್ನ ಗಂಡ ಸಾಲಾಗಿ ಎಂಟು ಶೀಟಿನ ರೂಮು ಕಟ್ಟಿಸಿ, ಮರುವರ್ಷವೇ ಸತ್ತ. ಬಾಡಿಗೆಯವರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಹೊಸೂರು ರೋಡಿನಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಬಟ್ಟೆ ಒಣಹಾಕಿದರೆ ಸಂಜೆಗೆ ಧೂಳು ಕೊಡವಿ ಒಳಗೆ ತರಬೇಕಿತ್ತು.

ಒಂದು ಬೆಳಿಗ್ಗೆ ಅವಳು ಟ್ರಂಕು ಹಿಡಿದು ಬಂದು ನಿಂತಳು. ಇಪ್ಪತ್ತಾರಿದ್ದೀತು. ಕಪ್ಪು ಅಂದರೆ ಕಪ್ಪು. ಕೂದಲು ಗುಂಗುರು, ಬಾಚಣಿಗೆ ಹೋಗದಷ್ಟು. ಫಾರಿನ್ನಿನವಳು ಅಂದುಕೊಂಡು ನಾನು ಮಾತೇ ಆಡಲಿಲ್ಲ. ಬೆರಳು ಮಡಿಸಿ ಬಾಡಿಗೆ ಹೇಳಿದೆ, ಕೈ ತೋರಿಸಿ ನಲ್ಲಿ ಹೇಳಿದೆ, ಮೂಗು ಹಿಡಿದು ಕಕ್ಕಸು ಹೇಳಿದೆ. ಅವಳು ಎಲ್ಲ ಮುಗಿಯುವ ತನಕ ನೋಡಿದಳು.

"ಯವ್ವಾ, ಬಾಯಾಗ ಹೇಳ್ರಿ. ನನಗ ಕನ್ನಡ ಬರ್ತೈತಿ. ನಿಮ್ಮ ಬೆರಳ ತಿಳಿವಲ್ಲವು."

ಹಳಿಯಾಳದ ಕಡೆ ಕಾಡಿನವಳು, ಸಿದ್ದಿಯರವಳು. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಇಲ್ಲಿ ಮಾರಿದ್ದರಂತೆ. ಅವರು ಓಡಿಹೋಗಿ ಕಾಡು ಸೇರಿ ಅಲ್ಲಿಯವರೇ ಆದರು. ಅವಳಿಗೆ ಮಾತ್ರೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಆದರೆ ಕೆಲಸ ಅಂತ ಅವಳು ಅಂದುಕೊಂಡಿದ್ದು ಅದನ್ನಲ್ಲ. ಡಮಾಮಿ ಅಂತ ಅವರ ಕಡೆಯ ಒಂದು ಚರ್ಮದ ವಾದ್ಯ ತಂದಿದ್ದಳು. ಭಾನುವಾರ ಬಂದರೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು. ಶಾಲೆ, ಹಾಸ್ಟೆಲು, ಶಿಫ್ಟು ಬಿಡುವ ಹೊತ್ತಿನ ಫ್ಯಾಕ್ಟರಿ ಗೇಟು, ಎಲ್ಲೆಂದರಲ್ಲಿ ಬಡಿದು, ಹಾಡಿ, ಕುಣಿದು, ಜನ ಸೇರಿದ ಮೇಲೆ ಮಾತಾಡುತ್ತಿದ್ದಳು. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಹತ್ತಿರ ದೂರ ಮಾಡಬೇಡಿ ಅನ್ನುವುದೇ ಅವಳ ಮಾತು. ಓದಲು ಬಂದ ಕರಿಯ ಹುಡುಗರಿಗೆ ಯಾರೂ ಮನೆ ಕೊಡುತ್ತಿರಲಿಲ್ಲ. ಅವರನ್ನು ಕರೆದುಕೊಂಡು ಮನೆಮನೆ ಬಾಗಿಲು ತಟ್ಟಿದವಳು ಅವಳು. ನಮ್ಮ ಮನೆಗೂ ಕರೆತಂದಿದ್ದಳು. ನಾನು ರೂಮು ಖಾಲಿ ಇಲ್ಲ ಅಂದೆ. ಎರಡು ಖಾಲಿ ಇದ್ದವು.

ಬಸ್ಸಿನಲ್ಲಿ ಕಂಡಕ್ಟರು ಅವಳ ಹತ್ತಿರ ದಿನಾ ಇಂಗ್ಲಿಷಿನಲ್ಲೇ ಟಿಕೆಟ್ ಕೇಳುತ್ತಿದ್ದನಂತೆ. ಇವಳು ದಿನಾ ಕನ್ನಡದಲ್ಲೇ ಊರು ಹೇಳುತ್ತಿದ್ದಳು. ಅದನ್ನು ನನ್ನ ಮುಂದೆ ಅಭಿನಯ ಮಾಡಿ ತೋರಿಸುವಳು. ನಗು ಬರುತ್ತಿತ್ತು. ಅವಳು ಮಾತ್ರ ನಗುತ್ತಿರಲಿಲ್ಲ.

ನಮ್ಮೂರಲ್ಲಿ ಯುಗಾದಿ ಕಳೆದ ಮೇಲೆ ಒಂದು ಪೌರಾಣಿಕ ನಾಟಕ ಆಡುವುದು ಮುತ್ತಾತನ ಕಾಲದ ರೂಢಿ. ಹೊಲ ಹೋದರೂ ನಾಟಕ ಬಿಟ್ಟಿರಲಿಲ್ಲ. ಮೊದಲೆಲ್ಲ ರಾತ್ರಿ ಪೂರಾ ಆಡುತ್ತಿದ್ದರು. ಹತ್ತು ಗಂಟೆ ಮೇಲೆ ಮೈಕು ಹಾಕಬಾರದು ಅಂತ ಆದ ಮೇಲೆ ಭಾನುವಾರ ಹಗಲಿಗೆ ಬಂತು. ಊರ ಗಂಡಸರು ವೇಷ ಹಾಕುವರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುವರು. ಮುಖಕ್ಕೆ ಬಣ್ಣ ಹಾಕುವುದು ನಮ್ಮಪ್ಪನ ಕೆಲಸವಾಗಿತ್ತು. ಗಂಡು ದಿಕ್ಕಿಲ್ಲದೆ ಅದು ನನ್ನ ಕೈಗೆ ಬಂತು. ಇದರಲ್ಲಿ ಒಂದು ಕಟ್ಟುಪಾಡು ಇದೆ. ಬಣ್ಣಕ್ಕೆ ಕುಳಿತವರು ಕಣ್ಣು ಮುಚ್ಚಿಕೊಳ್ಳಬೇಕು. ಬಣ್ಣ ಮುಗಿದು, ಹಣೆಗೆ ಕುಂಕುಮ ಇಟ್ಟ ಮೇಲೆಯೇ ನಾವು ಅವರ ಕೈಗೆ ಕನ್ನಡಿ ಕೊಡುವುದು. ಅಲ್ಲಿಯವರೆಗೂ ಮುಖ ನಮ್ಮದು, ಅವರದಲ್ಲ. ಎಂಥ ದೊಡ್ಡ ನಟನಾದರೂ ಇದನ್ನು ಮೀರುತ್ತಿರಲಿಲ್ಲ.

ಆ ವರ್ಷ ರಾಣಿ ಪಾತ್ರಕ್ಕೆ ಒಪ್ಪಿದ್ದವಳು ಹದಿನೈದು ದಿನ ಇರುವಾಗ ಕೈಕೊಟ್ಟಳು. ಹಾರ್ಮೋನಿಯಂ ಮೇಷ್ಟ್ರು ನಲ್ಲಿ ಹತ್ತಿರ ಇವಳು ಬಟ್ಟೆ ಒಗೆಯುತ್ತಾ ಹಾಡುವುದನ್ನು ಕೇಳಿ, ಇವಳೇ ಆಗಬೇಕು ಅಂದರು. ನಾಟಕದ ಯಜಮಾನಿಕೆ ನನ್ನ ಮೈದುನನದು. ಬೇಕಿದ್ದರೆ ರಾಕ್ಷಸಿ ಮಾಡಲಿ, ರಾಣಿಯನ್ನು ಬೇರೆ ಹುಡುಕೋಣ ಅಂದ. ಅವಳು ಅಲ್ಲೇ ನಿಂತಿದ್ದಳು.

"ಹನ್ನೊಂದು ನಾಟಕ ಮಾಡೀನ್ರಿ. ಹನ್ನೊಂದರಾಗೂ ರಾಕ್ಷಸಿ. ನಮ್ಮವ್ವ ಬಂದು ನೋಡಿ ಪ್ರತಿ ಸಲ ಅತ್ತಾಳ. ಮಾಡಿದ್ರ ರಾಣಿ ಮಾಡ್ತೀನಿ, ಇದ ಮುಖದಾಗ ಮಾಡ್ತೀನಿ. ಇಲ್ಲಾಂದ್ರ ಒಲ್ಲೆ."

ಎರಡು ದಿನ ಎಳೆದಾಟ ನಡೆಯಿತು. ಬೇರೆ ಯಾರೂ ಸಿಗಲಿಲ್ಲ. ಕಡೆಗೆ ಮೈದುನ, ಆಯ್ತಮ್ಮ ನಿನ್ನ ಮುಖದಲ್ಲೇ ಬಾ ಅಂದ. ಅವಳು ಅವತ್ತೇ ಊರಿಗೆ ಫೋನು ಮಾಡಿ, ಈ ಸಲ ಬಾ, ರಾಣಿ ಆಗೀನಿ, ನಿನ್ನ ಮಗಳ ಮುಖದಾಗ ಆಗೀನಿ ಅಂತ ತಾಯಿಗೆ ಹೇಳಿದಳು. ಫೋನು ನನ್ನ ಮನೆಯದು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದೆ.

ನಾಟಕದ ಹಿಂದಿನ ದಿನ ಮೈದುನ ಬಂದ.

"ಅತ್ತಿಗೆ, ಕರೀ ರಾಣಿನ ಯಾರ್ ನೋಡ್ತಾರೆ? ಊರೋರು ನಗಾಡ್ತಾರೆ. ಎಂಗೂ ಕಣ್ ಮುಚ್ಕೊಂಡಿರ್ತಾಳೆ, ಬಳ್ದ್ಬುಡು. ಬೆಲ್ ಹೊಡೆದ್ಮೇಲೆ ಎಲ್ಲಿಗ್ ಓಗ್ತಾಳೆ?"

ಊಂ ಅಂದೆ. ಅವನ ಮಾತಿಗೆ ಹೆದರಿ ಅಂದೆ ಅಂತ ಬರೆದರೆ ಸುಳ್ಳು. ರಾಣಿ ಅಂದರೆ ಬೆಳ್ಳಗಿರಬೇಕು ಅಂತ ನನಗೇ ಇತ್ತು. ನಾನೂ ಕಪ್ಪೇ. ನನ್ನ ಮದುವೆ ದಿನ ನಮ್ಮಪ್ಪ ಇದೇ ಪೆಟ್ಟಿಗೆ ತೆಗೆದು ನನಗೂ ಬಳಿದಿದ್ದ. ಬಳಿದದ್ದಕ್ಕೇ ಮದುವೆ ಸುಸೂತ್ರ ಆಯಿತು ಅಂತ ನಾನು ತಿಳಿದಿದ್ದೆ.

ಶಾಲೆಯ ಒಂದು ಕೋಣೆಯಲ್ಲಿ ಬಣ್ಣಕ್ಕೆ ಕೂತಳು. ಸೀರೆ ಉಟ್ಟು, ಒಡವೆ ಹಾಕಿ, ಕಾಲಿಗೆ ಗೆಜ್ಜೆ ಕಟ್ಟಿದ್ದಳು. ತಾಯಿ ಮುಂಜಾನೆಯೇ ಬಂದಿಳಿದು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಜಾಗ ಹಿಡಿದಿದ್ದಳು. ನಾನು ಪೆಟ್ಟಿಗೆಗೆ ಪೂಜೆ ಮಾಡಿ ಮುಖಕ್ಕೆ ಎಣ್ಣೆ ಸವರಿದೆ.

"ಯವ್ವಾ, ಬರೇ ಎಣ್ಣಿ, ಕಾಡಗಿ. ಅಷ್ಟ ಅಲ್ರಿ?"

"ಊಂ ಕಣಮ್ಮಿ. ಕಣ್ ಮುಚ್ಚು."

ಮುಚ್ಚಿದಳು. ಸಫೇದಕ್ಕೆ ಒಂದು ಚಿಟಿಕೆ ಕೆಂಪು ಇಂಗಳೀಕದ ಪುಡಿ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಹಣೆ, ಕೆನ್ನೆ, ಗಲ್ಲ, ಕತ್ತು, ಎಲ್ಲಾ ಕಡೆ ಬಳಿದೆ. ತಣ್ಣಗಾದದ್ದು ಅವಳಿಗೆ ಗೊತ್ತಾಗಿರಬೇಕು. ರೆಪ್ಪೆ ಒಂದೆರಡು ಸಲ ಅದುರಿತು. ಆದರೂ ತೆರೆಯಲಿಲ್ಲ. ಕಟ್ಟುಪಾಡು ಗೊತ್ತಿದ್ದವಳು.

ಕುಂಕುಮ ಇಟ್ಟು ಕನ್ನಡಿ ಕೊಟ್ಟೆ. ನೋಡಿದಳು. ಎರಡನೇ ಬೆಲ್ಲು ಹೊಡೆಯಿತು.

"ಎಣ್ಣಿ ಕೊಡ್ರಿ."

ಸಫೇದ ನೀರಿಗೆ ಹೋಗುವುದಲ್ಲ, ಎಣ್ಣೆಯಲ್ಲೇ ಒರೆಸಬೇಕು. ಬಾಟಲಿ ನನ್ನ ಮಡಿಲಲ್ಲಿ ಸೆರಗಿನ ಅಡಿ ಇತ್ತು. ಮುಗೀತು ಕಣಮ್ಮಿ ಅಂದೆ. ಅವಳು ಹೊರಗೆ ಓಡಿ ನಲ್ಲಿ ನೀರು ಎರಚಿಕೊಂಡಳು. ನೀರು ಮುಖದ ಮೇಲೆ ಮುತ್ತುಮುತ್ತಾಗಿ ನಿಂತು ಜಾರಿತು, ಬಣ್ಣ ಕದಲಲಿಲ್ಲ. ಮೂರನೇ ಬೆಲ್ಲು ಹೊಡೆಯಿತು. ಮೇಷ್ಟ್ರು ಸ್ವರ ಹಿಡಿದರು.

ರಂಗಕ್ಕೆ ಹೋದಳು. ಯಾವೂರ ನಟಿ ಅಂತ ಜನ ಒಬ್ಬರನ್ನೊಬ್ಬರು ಕೇಳಿಕೊಂಡರು. ಅವಳ ತಾಯಿ ಪರದೆಯ ಪಕ್ಕಕ್ಕೆ ಕತ್ತು ಉದ್ದ ಮಾಡಿ ನೋಡುತ್ತಲೇ ಇದ್ದಳು, ಮಗಳು ಇನ್ನೂ ಬರಬೇಕು ಅನ್ನುವ ಹಾಗೆ. ಹಾಡು ಶುರುವಾಯಿತು. ಹಾಡಿನ ಮಧ್ಯೆ ಅವಳು ಕೈ ಎತ್ತಿದಳು.

ಅಲ್ಲಿ ನನ್ನ ತಪ್ಪು ಸಿಕ್ಕಿಬಿತ್ತು. ಕರೆಸುತ್ತಿದ್ದ ನಟಿಯರೆಲ್ಲ ಬೆಳ್ಳಗಿನವರು. ಮುಖ, ಕತ್ತು ಬಳಿದರೆ ಸಾಕಿತ್ತು. ನಾನು ಯಾವತ್ತೂ ಕೈಗೆ ಬಳಿದವಳೇ ಅಲ್ಲ.

"ರಾಣಿಯಮ್ಮ ಕೈಯ ಒಲೇಗಿಕ್ಕವ್ಳೆ ಕಣ್ಲಾ," ಅಂದ ಹಿಂದಿನಿಂದ ಒಬ್ಬ. ಜನ ಗೊಳ್ ಅಂತ ನಕ್ಕರು. ಸೀಟಿ ಹೊಡೆದರು. ನನ್ನ ಮೈದುನನೂ ಪರದೆ ಹಿಂದೆ ನಕ್ಕ.

ಅವಳು ಹಾಡು ನಿಲ್ಲಿಸಿದಳು. ಮೇಷ್ಟ್ರೂ ನಿಲ್ಲಿಸಿದರು. ಮೈಕಿನ ಹತ್ತಿರ ಬಂದು, ಎತ್ತಿದ ಕೈ ಇಳಿಸದೆ, ಬಾಡಿಗೆಗೆ ರೂಮು ಕೇಳಿದ ದಿನದ ದನಿಯಲ್ಲೇ ಹೇಳಿದಳು:

"ಕೈ ನೋಡಿ ನಗಬ್ಯಾಡ್ರಿ. ಕೈ ನಂದು. ಮುಖ ನಿಮ್ಮೂರಿಂದು."

ಆ ದನಿ ಕೇಳಿ ಅವಳ ತಾಯಿ ಎದ್ದು ನಿಂತಳು. ಹಿಂದಿನವರು ಕೂತ್ಕಳಮ್ಮೋ ಅಂದರೂ ಕೂರಲಿಲ್ಲ. ಮಗಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಬೆರಳುಗಳ ಹಿಂದಿನಿಂದಲೇ ಉಳಿದ ಹಾಡನ್ನೆಲ್ಲ ಹಾಡಿದಳು. ಒಂದು ಸ್ವರ ತಪ್ಪಲಿಲ್ಲ. ಯಾರೂ ನಗಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ. ಮುಂದಿನ ದೃಶ್ಯಗಳನ್ನು ರಾಣಿ ಇಲ್ಲದೆಯೇ ಮುಗಿಸಿದರು...

ಸಂಜೆ ಬಿಸಿಲು ಇರುವಾಗಲೇ ಟ್ರಂಕು, ಡಮಾಮಿ ಎತ್ತಿಕೊಂಡು ತಾಯಿ ಜೊತೆ ಹೊರಟಳು. ಸೀಮೆಎಣ್ಣೆ ಹಾಕಿ ಉಜ್ಜಿದ್ದಳೋ ಏನೋ, ಕೆನ್ನೆ ತರಚಿಹೋಗಿತ್ತು. ಕಿವಿ ಹಿಂದೆ ಇನ್ನೂ ಬೆಳ್ಳಗೆ ಉಳಿದದ್ದನ್ನು ತಾಯಿ ಸೆರಗಿನಿಂದ ಒರೆಸುತ್ತಿದ್ದಳು. ಬೀಗದ ಕೈ ನನ್ನ ಕೈಗೆ ಇಟ್ಟು ಒಂದೇ ಮಾತು ಅಂದಳು.

"ಕಣ್ಣ ಮುಚ್ಚು ಅಂದ್ರಿ. ಮುಚ್ಚಿದೆ."

ನಾನು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ.

ಹೋದ ವರ್ಷ ಐದನೇ ರೂಮಿಗೆ ಅವರ ಕಡೆಯ ಒಂದು ಹುಡುಗಿ ಬಂದಳು. ಈ ಸಲ ನಾನು ಬೆರಳು ಮಡಿಸಲಿಲ್ಲ. ಮೂರನೇ ರೂಮಿನಲ್ಲಿದ್ದವಳ ವಿಚಾರ ಕೇಳಿದೆ. ಊರಿಗೆ ಹೋಗಿ ತಂಡ ಕಟ್ಟಿದಳಂತೆ, ಜಿಲ್ಲೆ ಜಿಲ್ಲೆ ತಿರುಗಿ ಹಾಡಿದಳಂತೆ. ನಮ್ಮೂರ ನಾಟಕದ ಕಥೆಯನ್ನೂ ಹೇಳುತ್ತಿದ್ದಳಂತೆ. ಬಣ್ಣ ಬಳಿದವಳ ಹೆಸರು ಹೇಳುತ್ತಿರಲಿಲ್ಲವಂತೆ. ಅವಳು ಕಾಮಾಲೆಯಾಗಿ ಸತ್ತು ಏಳು ವರ್ಷ ಆಯಿತಂತೆ. ಅವಳು ಮಾಡಿಟ್ಟ ಒಂದು ಪದ್ಧತಿ ಈಗಲೂ ಅವರ ತಂಡದಲ್ಲಿ ಇದೆಯಂತೆ. ಬಣ್ಣಕ್ಕೆ ಕೂತವರ ಕೈಗೆ ಮೊದಲು ಕನ್ನಡಿ ಕೊಡುತ್ತಾರೆ, ಆಮೇಲೆ ಪೆಟ್ಟಿಗೆ ತೆರೆಯುತ್ತಾರೆ.

ನಮ್ಮೂರ ನಾಟಕ ನಿಂತು ಎಷ್ಟೋ ವರ್ಷ ಆಯಿತು. ಪೆಟ್ಟಿಗೆಯನ್ನು ಮತ್ತೆ ಸಜ್ಜದ ಮೇಲೆ ಇಡಿಸಿದ್ದೇನೆ. ಅವಳಿಗೆ ಹೇಳಬೇಕಾದ್ದನ್ನು ಇನ್ನು ಯಾರಿಗೆ ಹೇಳುವುದು...

ಅವಳು ಹೋದ ಮಾರನೇ ಬೆಳಿಗ್ಗೆ ನಾನು ಮಡಿಲಲ್ಲಿ ಬಚ್ಚಿಟ್ಟಿದ್ದ ಆ ಎಣ್ಣೆ ಬಾಟಲಿ ತೆಗೆದೆ. ಮುಕ್ಕಾಲು ಇತ್ತು. ಅದನ್ನು ನನ್ನ ತಲೆಗೆ ಹಚ್ಚಿ, ಸೀಗೆಪುಡಿ ಹಾಕಿ ಸ್ನಾನ ಮಾಡಿ, ಮೂರನೇ ರೂಮು ಗುಡಿಸಿ, ಬಾಡಿಗೆಗೆ ಇದೆ ಅಂತ ರಟ್ಟು ಬರೆದು ಬಾಗಿಲಿಗೆ ಕಟ್ಟಿದೆ.